ಒಂದು ರಿಂಗ್‌ಟೋನ್ ಹಾಕೋಕೆ ಇಷ್ಟೊಂದು ಪರದಾಟ ಯಾಕೆ?

ಕೀಪ್ಯಾಡ್ ಫೋನ್ ಕಾಲದಲ್ಲಿ ಇದು ಕೆಲಸವೇ ಆಗಿರಲಿಲ್ಲ. ಮೆಮೊರಿ ಕಾರ್ಡಿನಲ್ಲಿರೋ ಹಾಡಿನ ಮೇಲೆ ಹೋಗಿ ಆಪ್ಷನ್ಸ್ ಒತ್ತಿ, ರಿಂಗ್‌ಟೋನ್ ಆಗಿ ಇಡು ಅಂದ್ರೆ ಮುಗೀತು. ಈಗಿನ ಫೋನಿನ ಹತ್ತನೇ ಒಂದು ಭಾಗ ಬೆಲೆ ಇರದ ಫೋನು ಅದು. ಇವತ್ತು ಇಪ್ಪತ್ತು ಸಾವಿರ, ಎಂಬತ್ತು ಸಾವಿರ ಕೊಟ್ಟು ತಂದ ಫೋನಿನಲ್ಲಿ ಅದೇ ಕೆಲಸಕ್ಕೆ ಆ್ಯಪ್ ಹಾಕಿ, ಪರ್ಮಿಷನ್ ಕೊಡಿ, ಜಾಹೀರಾತು ನೋಡಿ, ಫೈಲ್ ಎಲ್ಲಿ ಕೂತಿದೆ ಅಂತ ಹುಡುಕಿ ಅಂತಾರೆ. ದುಡ್ಡು ಕೊಟ್ಟಿರೋ ಫೋನು ನಮ್ಮದು, ಅದು ಹೇಗೆ ಕೂಗಬೇಕು ಅನ್ನೋದಕ್ಕೆ ಇನ್ನೊಬ್ಬರ ಅಪ್ಪಣೆ ಯಾಕೆ ಬೇಕು?

ರಿಂಗ್‌ಟೋನ್ ಅಂದ್ರೆ ಬರೀ ಶೋಕಿ, ಬಂದದ್ದನ್ನೇ ಇಟ್ಕೊಂಡ್ರೆ ಏನು ಕಷ್ಟ ಅನ್ನೋರಿಗೆ ಒಂದು ಮಾತು. ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ಎತ್ತರದ ಸ್ವರಗಳನ್ನ. ಫೋನಿನ ಜೊತೆ ಬರೋ ಎಷ್ಟೋ ಟೋನ್‌ಗಳು ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಸಣ್ಣ, ಚೂಪು ಸದ್ದಿನವು. ಪಕ್ಕದ ಕೋಣೆಯಲ್ಲಿ ಫೋನ್ ಬಡ್ಕೊಳ್ತಿದ್ರೂ ಎಪ್ಪತ್ತು ದಾಟಿದವರಿಗೆ ಗೊತ್ತಾಗಲ್ಲ. ಅವರಿಗೆ ಮಧ್ಯಮ ಸ್ಥಾಯಿಯಲ್ಲಿ ಗಟ್ಟಿಯಾಗಿ ಬರೋ ದನಿ ಬೇಕು. ನಾಗಸ್ವರ ಆಗಬಹುದು, ತುಂಬು ಕಂಠದ ಹಾಡು ಆಗಬಹುದು, ಮೊಮ್ಮಗು ಕರೆಯೋ ದನಿಯಾದರೂ ಆಗಬಹುದು. ಹಾಗೇ ಬಸ್ಸಿನಲ್ಲಿ ಒಂದು ಫೋನ್ ಹೊಡ್ಕೊಂಡ್ರೆ ಎಂಟು ಜನ ಜೇಬು ಮುಟ್ಟಿ ನೋಡ್ಕೊಳ್ಳೋದು ಯಾಕೆ? ಎಲ್ಲರದ್ದೂ ಅದೇ ಟೋನ್, ಅದಕ್ಕೆ.

ನನಗೆ ಅತಿ ಹೆಚ್ಚು ಸಿಟ್ಟು ಬರಿಸೋದು ಹಾಡಿನ ಆ್ಯಪ್‌ಗಳ 'ಡೌನ್‌ಲೋಡ್' ಅನ್ನೋ ಪದ. ತಿಂಗಳು ತಿಂಗಳು ದುಡ್ಡು ಕಟ್ಟಿ, ಬಾಣದ ಗುರುತು ಒತ್ತಿ, ಹಾಡು ಇಳಿಸಿಕೊಂಡೆ ಅಂತ ಜನ ನಂಬಿರ್ತಾರೆ. ಆಮೇಲೆ ರಿಂಗ್‌ಟೋನ್ ಪಟ್ಟಿ ತೆಗೆದ್ರೆ ಆ ಹಾಡೇ ಇಲ್ಲ. ಫೈಲ್ ಮ್ಯಾನೇಜರ್‌ನಲ್ಲೂ ಇಲ್ಲ. ಎಲ್ಲಿಂದ ಇರುತ್ತೆ? ಅದು ಎಂಪಿ3 ಆಗಿ ಇಳಿದೇ ಇಲ್ಲ. ಬೀಗ ಹಾಕಿದ ತುಂಡುಗಳಾಗಿ ಆ ಆ್ಯಪ್‌ನ ಒಳಗಿನ ಜಾಗದಲ್ಲಿ ಕೂತಿದೆ, ಬೇರೆ ಯಾವ ಆ್ಯಪೂ ಓದೋಕಾಗಲ್ಲ, ಚಂದಾ ನಿಂತ ಮೇಲೆ ಅದೂ ನುಡಿಯಲ್ಲ. ಅದನ್ನ ಇಂಟರ್ನೆಟ್ ಇಲ್ಲದಾಗ ಕೇಳೋ ಅನುಮತಿ ಅಂತ ಕರೀಲಿ. ಡೌನ್‌ಲೋಡ್ ಅಂತ ಹೆಸರಿಟ್ಟು ಜನರನ್ನ ಯಾಕೆ ದಾರಿ ತಪ್ಪಿಸಬೇಕು?

ಹೀಗೆ ದಾರಿ ತಪ್ಪಿದವರು ಹೋಗಿ ಬೀಳೋದು 'ಫ್ರೀ ಕನ್ನಡ ರಿಂಗ್‌ಟೋನ್' ಅನ್ನೋ ಸೈಟುಗಳಿಗೆ. ಅಲ್ಲಿ ಒಂದು ಪುಟದಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಬಟನ್ ಇದ್ರೆ ಮೂರು ಜಾಹೀರಾತು. ಪುಟ ತೆರೆದ ಕೂಡಲೇ 'ಅಲೋ' ಒತ್ತಿ ಅಂತ ಒಂದು ಚೌಕ ಬರುತ್ತೆ, ಅದು ಹಾಡಿಗೆ ಸಂಬಂಧವೇ ಇಲ್ಲದ ನೋಟಿಫಿಕೇಶನ್ ಅನುಮತಿ. ಒತ್ತಿದ ಮೇಲೆ ದಿನಾ ಬೆಳಗ್ಗೆಯಿಂದ 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅನ್ನೋ ಸುಳ್ಳು ಶುರು. ಈಗಾಗಲೇ ಒತ್ತಿದವರು ಕ್ರೋಮ್‌ನ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಒಳಗೆ ಹೋಗಿ ಗುರುತಿಲ್ಲದ ಸೈಟುಗಳನ್ನೆಲ್ಲ ಬ್ಲಾಕ್ ಮಾಡಿ. ಹಾಡು ಕೇಳಿದ್ರೆ ಎಪಿಕೆ ಫೈಲ್, ಅಂದ್ರೆ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್, ಇಳೀತು ಅಂದ್ರೆ ತೆರೆಯಲೇಬೇಡಿ, ಅಳಿಸಿಬಿಡಿ. ಹಾಡು ಯಾವತ್ತೂ ಎಪಿಕೆ ಆಗಿ ಬರಲ್ಲ.

ರಿಂಗ್‌ಟೋನ್ ಆ್ಯಪ್‌ಗಳದ್ದು ಇನ್ನೊಂದು ಕಥೆ. ನೀವು ಆರಿಸಿದ ಟೋನನ್ನ ತಾನೇ ಸೆಟ್ ಮಾಡಿಕೊಡಬೇಕು ಅಂದ್ರೆ ಆ್ಯಪ್‌ಗೆ 'ಸಿಸ್ಟಮ್ ಸೆಟ್ಟಿಂಗ್ಸ್ ಬದಲಾಯಿಸು' ಅನ್ನೋ ವಿಶೇಷ ಅನುಮತಿ ಬೇಕು. ಆಂಡ್ರಾಯ್ಡ್ 6ರಿಂದ ಅದು ಪ್ರತ್ಯೇಕ ಪುಟದಲ್ಲಿದೆ. ಒಬ್ಬೊಬ್ಬರಿಗೆ ಒಂದೊಂದು ಟೋನ್ ಹಾಕೋ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳೋದ್ರಲ್ಲೂ ಅರ್ಥ ಇದೆ. ಆದರೆ ಲೊಕೇಶನ್ ಯಾಕೆ? ಎಸ್‌ಎಂಎಸ್ ಓದೋ ಹಕ್ಕು ಯಾಕೆ? ಒಟಿಪಿ ಬರೋದು ಅದೇ ಎಸ್‌ಎಂಎಸ್‌ಗೆ ಅನ್ನೋದು ನೆನಪಿರಲಿ. ಇಂಥದ್ದು ಕೇಳೋ ಆ್ಯಪನ್ನ ಆ ಕ್ಷಣವೇ ತೆಗೆದುಹಾಕಿ. ನಿಜ ಹೇಳಬೇಕು ಅಂದ್ರೆ ಆಂಡ್ರಾಯ್ಡ್‌ನಲ್ಲಿ ಆ್ಯಪೇ ಬೇಕಿಲ್ಲ. ಫೈಲ್ಸ್ ತೆರೆದು ಹಾಡನ್ನ ಇಂಟರ್ನಲ್ ಸ್ಟೋರೇಜ್‌ನ 'ರಿಂಗ್‌ಟೋನ್ಸ್' ಫೋಲ್ಡರ್‌ಗೆ ಕಾಪಿ ಮಾಡಿ. ಆ ಫೋಲ್ಡರ್ ಇಲ್ಲದಿದ್ರೆ ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರಿಟ್ಟು ಮಾಡ್ಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್, ಸೌಂಡ್, ರಿಂಗ್‌ಟೋನ್ ಒಳಗೆ ಹೋದ್ರೆ ಅಲ್ಲೇ ಪಟ್ಟಿಯಲ್ಲಿ ಇರುತ್ತೆ, ಅಥವಾ ಕೂಡಿಸು ಗುರುತು ಒತ್ತಿ ಸೇರಿಸಬಹುದು.

ಇಷ್ಟು ಸುಲಭದ ದಾರಿಯನ್ನ ಕಂಪನಿಗಳು ಮುಚ್ಚಿಡೋದೇಕೆ? ಕೆಲವು ಫೋನುಗಳಲ್ಲಿ ರಿಂಗ್‌ಟೋನ್ ಪುಟ ತೆರೆದ್ರೆ ಮೊದಲು ಎದುರಾಗೋದು ಆನ್‌ಲೈನ್ ಅಂಗಡಿ. ನಮ್ಮ ಫೋನಿನಲ್ಲೇ ಇರೋ ಹಾಡನ್ನ ಆರಿಸೋ ಸಾಲು ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕ್ಕೊಂಡು ಹುಡುಕಬೇಕು.

ಹಾಡು ಇದ್ದೂ ಪಟ್ಟಿಗೆ ಬಾರದೆ ಸತಾಯಿಸೋದಕ್ಕೂ ಕಾರಣಗಳಿವೆ, ಯಾರೂ ಹೇಳಿಕೊಡಲ್ಲ ಅಷ್ಟೆ. ಒಂದು ಫೋಲ್ಡರ್‌ನಲ್ಲಿ 'ನೋಮೀಡಿಯಾ' ಅನ್ನೋ ಹೆಸರಿನ, ಚುಕ್ಕಿಯಿಂದ ಶುರುವಾಗೋ ಖಾಲಿ ಫೈಲ್ ಇದ್ರೆ ಅದರೊಳಗಿನ ಯಾವ ಹಾಡನ್ನೂ ಆಂಡ್ರಾಯ್ಡ್ ಲೆಕ್ಕಕ್ಕೆ ತಗೊಳ್ಳಲ್ಲ. ಆ ಫೈಲೋ ಕಣ್ಣಿಗೆ ಬೀಳಲ್ಲ, ಫೈಲ್ ಮ್ಯಾನೇಜರ್‌ನಲ್ಲಿ ಅಡಗಿದ ಫೈಲ್ ತೋರಿಸು ಅನ್ನಬೇಕು. ವಾಟ್ಸ್‌ಆ್ಯಪ್‌ಗೆ ಬಂದ ಹಾಡುಗಳು ಮೊದಲಿನ ಜಾಗದಲ್ಲಿಲ್ಲ. ಈಗ ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸ್‌ಆ್ಯಪ್‌ನ ಫೋಲ್ಡರ್, ಹೀಗೆ ನಾಲ್ಕೈದು ಬಾಗಿಲು ದಾಟಿದ ಮೇಲೆ ವಾಟ್ಸ್‌ಆ್ಯಪ್ ಆಡಿಯೊ ಸಿಗುತ್ತೆ. ವಾಯ್ಸ್ ನೋಟ್ ಆದ್ರೆ ಅದು ಓಪಸ್ ನಮೂನೆ, ಮೊದಲು ಎಂಪಿ3 ಮಾಡ್ಕೊಂಡ್ರೆ ತಲೆನೋವಿಲ್ಲ. ಪಟ್ಟಿಯಲ್ಲಿ ಕಾಣೋ ಹೆಸರೂ ನೀವು ಫೈಲಿಗೆ ಇಟ್ಟ ಹೆಸರಲ್ಲ, ಹಾಡಿನ ಒಳಗೆ ಅಡಗಿರೋ ಟ್ಯಾಗ್‌ನ ಶೀರ್ಷಿಕೆ. 'ಅಮ್ಮ' ಅಂತ ಹೆಸರಿಟ್ಟು ಅರ್ಧ ಗಂಟೆ ಹುಡುಕಿದ್ರೂ ಸಿಗದೆ, ಅದು ಯಾವುದೋ ಸೈಟಿನ ಹೆಸರಲ್ಲಿ ಅಲ್ಲೇ ಕೂತಿರುತ್ತೆ. ಟ್ಯಾಗ್ ಎಡಿಟರ್‌ನಲ್ಲಿ ಟೈಟಲ್ ಬದಲಾಯಿಸಿದ್ರೆ ಸರಿಹೋಗುತ್ತೆ. ಮೆಮೊರಿ ಕಾರ್ಡಿನಲ್ಲಿರೋ ಹಾಡನ್ನ ಮಾತ್ರ ಟೋನ್ ಮಾಡಬೇಡಿ. ಕಾರ್ಡ್ ಸಡಿಲವಾದ್ರೆ, ತೆಗೆದ್ರೆ, ಫೋನ್ ಒಂದು ಮಾತೂ ಹೇಳದೆ ಹಳೇ ಟೋನಿಗೆ ಮರಳಿಬಿಡಬಹುದು. ಕಾಲ್ ತಪ್ಪಿಹೋದ ಮೇಲೆ ಗೊತ್ತಾಗೋದು.

ಇನ್ನು ಐಫೋನ್. 2007ರಲ್ಲಿ ಬಂದ ಫೋನು. ನಮ್ಮದೇ ಒಂದು ಎಂಪಿ3ಯನ್ನ ನೇರವಾಗಿ ರಿಂಗ್‌ಟೋನ್ ಮಾಡೋ ದಾರಿ ಬಂದಿದ್ದು 2025ರಲ್ಲಿ, ಐಓಎಸ್ 26ರ ಜೊತೆ. ಹದಿನೆಂಟು ವರ್ಷ! ಅಲ್ಲಿವರೆಗೆ ಒಂದೋ ಆ್ಯಪಲ್‌ನ ಟೋನ್ ಸ್ಟೋರ್‌ನಲ್ಲಿ ದುಡ್ಡು ಕೊಡಬೇಕು, ಇಲ್ಲಾ ಗ್ಯಾರೇಜ್‌ಬ್ಯಾಂಡ್ ಅನ್ನೋ ಆ್ಯಪಿನಲ್ಲಿ ತಿಣುಕಬೇಕು, ಇಲ್ಲಾ ಕಂಪ್ಯೂಟರ್‌ನ ಐಟ್ಯೂನ್ಸ್‌ನಲ್ಲಿ ಹಾಡನ್ನ 40 ಸೆಕೆಂಡಿನೊಳಗೆ ಕತ್ತರಿಸಿ, ಎಎಸಿ ಅನ್ನೋ ನಮೂನೆಗೆ ಮಾಡಿ, ಫೈಲಿನ ಹೆಸರಿನ ಬಾಲವನ್ನ ಎಂ4ಎಯಿಂದ ಎಂ4ಆರ್‌ಗೆ ಬದಲಾಯಿಸಿ, ಕೇಬಲ್ ಹಾಕಿ ಫೋನಿಗೆ ಎಳೆದು ಬಿಡಬೇಕು. ಒಳಗಿನ ಆಡಿಯೊ ಎರಡರಲ್ಲೂ ಒಂದೇ, ಬಾಲದ ಒಂದಕ್ಷರ ಮಾತ್ರ ಬೇರೆ. ಆ ಒಂದಕ್ಷರಕ್ಕಾಗಿ ಜನ ಕಂಪ್ಯೂಟರ್ ಇರೋರ ಮನೆ ಹುಡುಕಬೇಕಿತ್ತು.

ಹೊಸ ಐಓಎಸ್ ಬಾರದ ಹಳೇ ಐಫೋನ್ ಇಟ್ಕೊಂಡವರಿಗೆ ಇವತ್ತಿಗೂ ಗತಿ ಗ್ಯಾರೇಜ್‌ಬ್ಯಾಂಡ್. ಸಂಗೀತ ಸಂಯೋಜನೆ ಮಾಡೋರಿಗೆ ಅಂತ ಇರೋ, ಒಂದು ಜಿಬಿಗೂ ಮೀರಿದ ಆ್ಯಪು. ಮೂವತ್ತು ಸೆಕೆಂಡಿನ ಟೋನಿಗೆ ಅದನ್ನ ಇಳಿಸಬೇಕು. ಆಡಿಯೊ ರೆಕಾರ್ಡರ್ ತೆಗೆದು, ಮೇಲಿನ ಪಟ್ಟಿಯಲ್ಲಿ ಇಟ್ಟಿಗೆ ಜೋಡಿಸಿದ ಹಾಗಿರೋ ಗುರುತು ಒತ್ತಿ ಟ್ರ್ಯಾಕ್ ನೋಟಕ್ಕೆ ಬರಬೇಕು. ಬಲಗಡೆ ಕುಣಿಕೆಯ ಗುರುತು ಒತ್ತಿ, ಫೈಲ್ಸ್‌ನಿಂದ ಹಾಡು ತಂದು, ಬೆರಳು ಒತ್ತಿ ಹಿಡಿದು ಟ್ರ್ಯಾಕಿಗೆ ಎಳೆಯಬೇಕು. ಬಹಳ ಜನ ಎಡವೋದು ಇಲ್ಲೇ: ಅಲ್ಲಿ ಮೊದಲೇ ನಿಗದಿಯಾಗಿರೋ ಉದ್ದ ಎಂಟು ಬಾರ್, ಅಂದ್ರೆ ಹದಿನೇಳು ಸೆಕೆಂಡಿನ ಆಸುಪಾಸು. ಹಾಡು ಎಷ್ಟೇ ಉದ್ದ ಇರಲಿ, ಅಷ್ಟಕ್ಕೇ ಕತ್ತರಿಸಿ ಕೂರುತ್ತೆ. ಎಳೆಯೋ ಮೊದಲು ಬಲತುದಿಯ ಕೂಡಿಸು ಗುರುತು ಒತ್ತಿ, ಸೆಕ್ಷನ್ ಉದ್ದವನ್ನ 'ಆಟೊಮ್ಯಾಟಿಕ್' ಮಾಡಲೇಬೇಕು. ಆಮೇಲೆ ಮೈ ಸಾಂಗ್ಸ್‌ಗೆ ಬಂದು, ಹಾಡನ್ನ ಒತ್ತಿ ಹಿಡಿದು ಶೇರ್, ರಿಂಗ್‌ಟೋನ್, ಎಕ್ಸ್‌ಪೋರ್ಟ್. 30 ಸೆಕೆಂಡ್ ಮೀರಿದ್ರೆ ಅದೇ ಕತ್ತರಿಸ್ತೀನಿ ಅನ್ನುತ್ತೆ, ಎಲ್ಲಿ ಕತ್ತರಿಸಬೇಕು ಅಂತ ನಿಮ್ಮನ್ನ ಕೇಳಲ್ಲ. ಆ್ಯಪಲ್ ಮ್ಯೂಸಿಕ್ ಚಂದಾದ ಹಾಡುಗಳು ಇಲ್ಲಿಗೂ ಬರಲ್ಲ. ಐಓಎಸ್ 26 ಇರೋರು ಫೈಲ್ಸ್‌ನಲ್ಲಿ 30 ಸೆಕೆಂಡಿನೊಳಗಿನ ಎಂಪಿ3 ಅಥವಾ ಎಂ4ಎ ತೆರೆದು, ಶೇರ್ ಒತ್ತಿ, 'ಯೂಸ್ ಆ್ಯಸ್ ರಿಂಗ್‌ಟೋನ್' ಅಂದ್ರೆ ಸಾಕು. ಇಷ್ಟು ಸುಲಭ ಮಾಡೋಕೆ ಆಗುತ್ತಿತ್ತು ಅನ್ನೋದೇ ಹೊಟ್ಟೆ ಉರಿಸೋ ಸಂಗತಿ.

ಎಲ್ಲ ಮಾಡಿ ಟೋನ್ ಕೂತ ಮೇಲೂ ಸದ್ದು ಕೇಳಲ್ಲ ಅಂತ ಕೊರಗೋರಿದ್ದಾರೆ. ನಮ್ಮ ದೇಶದಲ್ಲಿ ಮೊಬೈಲ್ ಕಾಲ್ 30 ಸೆಕೆಂಡ್ ರಿಂಗ್ ಆಗಬೇಕು ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2019ರಲ್ಲಿ ನಿಗದಿ ಮಾಡಿತು. ಲ್ಯಾಂಡ್‌ಲೈನ್‌ಗೆ 60. ಆ ಮೂವತ್ತರಲ್ಲಿ ನಮ್ಮ ಹಳೇ ಚಿತ್ರಗೀತೆಯ ಪಿಟೀಲು ಮೇಳ, ಹಮ್ಮಿಂಗ್ ಮುಗಿಯೋದೇ ಇಪ್ಪತ್ತು ಸೆಕೆಂಡಿಗೆ. ಪಲ್ಲವಿ ಎತ್ತೋ ಹೊತ್ತಿಗೆ ಕಾಲ್ ಕಟ್. ಹಾಗಾಗಿ ಪೂರ್ತಿ ಹಾಡು ಇಡಬೇಡಿ. ಕಂಪ್ಯೂಟರ್‌ನಲ್ಲಿ ಆಡಿಯೊ ಕತ್ತರಿಸೋ ಅಡಾಸಿಟಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹಾಡು ತೆರೆದು, ಪಲ್ಲವಿಯ ಮೊದಲ ಅಕ್ಷರದಿಂದ 25ರಿಂದ 28 ಸೆಕೆಂಡ್ ಆರಿಸಿ, ಉಳಿದದ್ದನ್ನ ತೆಗೆಯಿರಿ. ತಾಳದ ಒಂದು ಆವರ್ತ ಪೂರ್ತಿಯಾಗೋ ಕಡೆ ನಿಲ್ಲಿಸಿದ್ರೆ ಮತ್ತೆ ಮೊದಲಿನಿಂದ ಶುರುವಾದಾಗ ಕಿವಿಗೆ ಎಡವಿದ ಹಾಗಾಗಲ್ಲ. ಹಳೇ ಧ್ವನಿಮುದ್ರಣಗಳ ಮಟ್ಟ ತಗ್ಗಾಗಿರುತ್ತೆ, ಅಲ್ಲೇ ಇರೋ 'ನಾರ್ಮಲೈಸ್' ಅನ್ನೋ ಆಯ್ಕೆಯಲ್ಲಿ ಮೈನಸ್ 1 ಡೆಸಿಬೆಲ್‌ಗೆ ಏರಿಸಿ. ಮೊನೊ ಮಾಡಿ 128 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿದ್ರೆ 30 ಸೆಕೆಂಡಿಗೆ 480 ಕೆಬಿ ಸಾಕು. ಮೃದಂಗದ ತೊಪ್ಪಿ, ತಬಲಾದ ಡಗ್ಗದ ಗುಂಗು ಅಷ್ಟು ಚಿಕ್ಕ ಸ್ಪೀಕರ್‌ನಲ್ಲಿ ಬರೋದೇ ಇಲ್ಲ, ಅದನ್ನೇ ನಂಬಿದ ತುಣುಕು ಆರಿಸಬೇಡಿ. ಕೊಳಲು, ನಾಗಸ್ವರ, ಕಂಠ ನಿಲ್ಲುತ್ತೆ.

ಕಿವಿಗೆ ಬೀಳದಿರೋಕೆ ಫೋನ್ ಮಾಡೋರ ಬುದ್ಧಿವಂತಿಕೆಯೂ ಕಾರಣ. ಸ್ಯಾಮ್‌ಸಂಗ್‌ನಲ್ಲಿ ಹಾಡು ಆರಿಸುವಾಗ 'ಹೈಲೈಟ್ಸ್ ಮಾತ್ರ' ಅನ್ನೋದು ಆನ್ ಇದ್ರೆ ಹಾಡಿನ ಯಾವ ಭಾಗ ನುಡಿಸಬೇಕು ಅಂತ ಅದೇ ತೀರ್ಮಾನ ಮಾಡುತ್ತೆ, ನೀವು ಕಷ್ಟಪಟ್ಟು ಕತ್ತರಿಸಿದ್ದೂ ವ್ಯರ್ಥ. ಆಫ್ ಮಾಡಿ. ಫೇಸ್ ಐಡಿ ಇರೋ ಐಫೋನ್‌ನಲ್ಲಿ ನೀವು ಪರದೆ ನೋಡಿದ ಕ್ಷಣ ಟೋನ್ ತಾನಾಗಿ ತಗ್ಗುತ್ತೆ. ಸ್ಪೀಕರ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ಯೋ ಮೊದಲು ಫೇಸ್ ಐಡಿ ಸೆಟ್ಟಿಂಗ್ಸ್‌ನಲ್ಲಿ 'ಅಟೆನ್ಷನ್ ಅವೇರ್' ಅನ್ನೋದನ್ನ ಆಫ್ ಮಾಡಿ ನೋಡಿ. ಎರಡು ಸಿಮ್ ಇರೋ ಎಷ್ಟೋ ಫೋನುಗಳಲ್ಲಿ ಎರಡಕ್ಕೂ ಬೇರೆ ಬೇರೆ ಟೋನ್. ಒಂದಕ್ಕೆ ಹಾಕಿ ಇನ್ನೊಂದು ಮರೆತಿರ್ತೀವಿ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಕಾಲಿನ ಟೋನಂತೂ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ಒಳಗೆ ಬೇರೆಯೇ ಇದೆ. ದೂರದೂರಿಂದ ಮಕ್ಕಳು ಮಾಡೋದು ವಾಟ್ಸ್‌ಆ್ಯಪ್ ಕಾಲೇ, ಅಪ್ಪ ಅಮ್ಮನಿಗೆ ಗುರುತು ಸಿಗದ ಸದ್ದೂ ಅದೇ.

ರಿಂಗ್‌ಟೋನ್ ಹಾಕ್ತೀನಿ ಅಂತ ಹೋಗಿ ಕಾಲರ್ ಟ್ಯೂನ್ ಹಾಕಿಸಿಕೊಂಡು ತಿಂಗಳು ತಿಂಗಳು ದುಡ್ಡು ಕಳ್ಕೊಳ್ಳೋರೂ ಇದ್ದಾರೆ. ಕಾಲರ್ ಟ್ಯೂನ್ ಕೇಳಿಸೋದು ನಿಮಗಲ್ಲ, ನಿಮಗೆ ಫೋನ್ ಮಾಡಿದವರಿಗೆ. ಬೇಡದ್ದು ಅಂಟಿಕೊಂಡಿದ್ರೆ 155223ಕ್ಕೆ ಫೋನ್ ಮಾಡಿ ನಿಲ್ಲಿಸಿ.

ಕೊನೆಗೆ, ಮನೆಯವರಿಗೆ ಒಂದು, ಆಫೀಸಿಗೆ ಒಂದು ಅಂತ ಬೇರೆ ಬೇರೆ ಟೋನ್ ಇಟ್ಕೊಂಡವರ ಪಾಡು. ನಂಬರ್ ಸಿಮ್ ಕಾರ್ಡಿನಲ್ಲಿದ್ರೆ ಅದಕ್ಕೆ ಟೋನ್ ಅಂಟಲ್ಲ, ಸಿಮ್ಮಿನಲ್ಲಿ ಹೆಸರು, ನಂಬರ್ ಬಿಟ್ಟರೆ ಟೋನಿಗೆ ಜಾಗವೇ ಇಲ್ಲ. ಫೋನಿಗೋ ಗೂಗಲ್ ಖಾತೆಗೋ ಸರಿಸಿದ ಮೇಲೆ ಕಾಂಟ್ಯಾಕ್ಟ್ ತೆರೆದು, ಮೂರು ಚುಕ್ಕಿ ಒತ್ತಿ, ಸೆಟ್ ರಿಂಗ್‌ಟೋನ್ ಅನ್ನಬಹುದು. ಆದರೆ ಆ ಟೋನ್ ಯಾವುದು ಅನ್ನೋದು ಆ ಫೋನಿನಲ್ಲಿ ಮಾತ್ರ ಬರೆದಿರುತ್ತೆ, ಗೂಗಲ್ ಖಾತೆಯ ಜೊತೆ ಬರಲ್ಲ. ಹೊಸ ಫೋನ್ ತಂದ ದಿನ ಮೂರು ಸಾವಿರ ಫೋಟೊ ಬರುತ್ತೆ, ಹತ್ತು ವರ್ಷದ ಚಾಟ್ ಬರುತ್ತೆ. ಯಾರ ಫೋನು ಅಂತ ಅಡುಗೆಮನೆಯಿಂದಲೇ ಗೊತ್ತಾಗ್ತಿದ್ದ ಆ ದನಿ ಬರಲ್ಲ. ಮತ್ತೆ ಒಬ್ಬೊಬ್ಬರ ಹೆಸರು ತೆಗೆದು, ಮೂರು ಚುಕ್ಕಿ ಒತ್ತಿ, ಮೊದಲಿನಿಂದ ಹಾಕಬೇಕು.