ಆಲ್ಬಂ ಸಾಂಗ್ ಮಾಡುವ ಹುಡುಗರೇ, ಮೊದಲು ಆ ಹುಡುಗಿಯ ಬಗ್ಗೆ ಮಾತಾಡೋಣ

ಕೊನೆಯ ಸೆಮಿಸ್ಟರ್ ಹತ್ತಿರ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆಯ ಡಿಗ್ರಿ ಹುಡುಗರಿಗೆ ಒಂದು ಆಸೆ ಹುಟ್ಟುತ್ತದೆ. ಕಾಲೇಜು ಬಿಡುವ ಮುಂಚೆ ಒಂದು ಆಲ್ಬಂ ಸಾಂಗ್ ಮಾಡಬೇಕು. ಸ್ವಂತ ಸಾಹಿತ್ಯ, ಸ್ವಂತ ಟ್ಯೂನ್, ನಿಧಾನಕ್ಕೆ ಸಾಗುವ ಒಂದು ಪ್ರೀತಿಯ ಹಾಡು. ನಾನು ಪತ್ರಿಕೋದ್ಯಮ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಹಾಗಾಗಿ ಎಡಿಟ್ ಮುಗಿದ ಕೂಡಲೇ "ಮೇಡಂ, ಒಂಚೂರು ನೋಡಿ ಹೇಳ್ರೀ" ಅಂತ ಲಿಂಕ್ ಬರುತ್ತದೆ. ಖುಷಿಯಿಂದಲೇ ನೋಡುತ್ತೇನೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ನ ಒಂದು ದಿನದ ಬಾಡಿಗೆಗೆ ಇವರು ಹೇಗೆ ದುಡ್ಡು ಹೊಂದಿಸುತ್ತಾರೆ ಅಂತ ನನಗೆ ಗೊತ್ತು.

ಆದರೆ ಎಷ್ಟೋ ವಿಡಿಯೋಗಳಲ್ಲಿ ಒಂದೇ ಕೊರತೆ ಕಾಣುತ್ತದೆ. ಡ್ರೋನ್ ಶಾಟ್ ಚೆನ್ನಾಗಿರುತ್ತದೆ. ಕಲರ್ ಚೆನ್ನಾಗಿರುತ್ತದೆ. ಹುಡುಗ ಹೀರೋ ಥರ ನಡೆದು ಬರುತ್ತಾನೆ. ಹುಡುಗಿಯ ಮುಖ ಮಾತ್ರ ಬಿಗಿದುಕೊಂಡಿರುತ್ತದೆ. ಅವಳ ಕಣ್ಣು ಅವನ ಮೇಲಿರುವುದಿಲ್ಲ. ಅವನ ಬೆನ್ನ ಹಿಂದೆ ಯಾರ್ಯಾರು ನಿಂತಿದ್ದಾರೆ ಅಂತ ಹುಡುಕುತ್ತಿರುತ್ತದೆ.

ಕುಣಿಯುವ ಹಾಡಾದರೆ ಇದು ಮುಚ್ಚಿಹೋಗುತ್ತದೆ. ನಿಧಾನದ ಹಾಡಿನಲ್ಲಿ ಮುಖ ಬಿಟ್ಟರೆ ತೋರಿಸಲು ಬೇರೇನಿದೆ ಹೇಳಿ? ನಿಮಿಷಕ್ಕೆ 70 ಬೀಟ್‌ನ ಹಾಡು ಅಂದುಕೊಳ್ಳಿ. ನಾಲ್ಕು ಬೀಟ್‌ಗೆ ಸುಮಾರು ಮೂರೂವರೆ ಸೆಕೆಂಡು ಆಗುತ್ತದೆ. ಎಂಟು ಬೀಟ್‌ಗೆ ಒಂದು ಕಟ್ ಅಂತಿಟ್ಟುಕೊಂಡರೂ ಏಳು ಸೆಕೆಂಡು ಕ್ಯಾಮೆರಾ ಆ ಮುಖದ ಮೇಲೇ ನಿಲ್ಲಬೇಕು. ಅಷ್ಟು ಹೊತ್ತಿನಲ್ಲಿ ಹೆದರಿಕೆ ಎದ್ದು ಕಾಣುತ್ತದೆ. ಯಾವ ಫಿಲ್ಟರ್ ಹಾಕಿದರೂ ಹೋಗುವುದಿಲ್ಲ.

ಅದಕ್ಕೇ ನಾನು ಹೇಳುವುದು, ಇಂಥ ಹಾಡಿಗೆ ನಿರ್ದೇಶಕನ ಮೊದಲ ಕೆಲಸ ನಟಿಸುವ ಹುಡುಗಿಗೆ ಭಯವಿಲ್ಲದ ಹಾಗೆ ನೋಡಿಕೊಳ್ಳುವುದು. ಲೊಕೇಶನ್, ಲೆನ್ಸ್, ಲೈಟು ಎಲ್ಲ ಆಮೇಲೆ.

ನಮ್ಮ ಊರುಗಳಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಹುಡುಗಿ ಕ್ಲಾಸಿನಲ್ಲಿ ಒಪ್ಪಿಕೊಳ್ಳುತ್ತಾಳೆ. ಶೂಟಿಂಗಿಗೆ ಎರಡು ದಿನ ಇರುವಾಗ "ಮನ್ಯಾಗ ಬ್ಯಾಡ ಅಂದ್ರು" ಅಂತ ಮೆಸೇಜ್ ಬರುತ್ತದೆ. ಆಮೇಲೆ ಹುಡುಗರ ಗುಂಪಿನಲ್ಲಿ ಅವಳು ಕೈಕೊಟ್ಟಳು ಅನ್ನುವ ಮಾತು ಶುರು. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನೀವು ಅವಳನ್ನು ಕೇಳಿದ್ದು ಹೇಗೆ? "ಸುಮ್ನೆ ಬಾ, ನಾಲ್ಕು ಶಾಟ್ ಅಷ್ಟೇ." ಕಥೆ ಏನು, ಯಾವ ಬಟ್ಟೆ, ಯಾವ ಜಾಗ, ಅಲ್ಲಿ ಯಾರ್ಯಾರು ಇರುತ್ತಾರೆ, ಮುಟ್ಟುವ ದೃಶ್ಯ ಇದೆಯಾ, ವಿಡಿಯೋ ಎಲ್ಲಿ ಹಾಕುತ್ತೀರಿ, ಇದ್ಯಾವುದನ್ನೂ ಹೇಳಿರುವುದಿಲ್ಲ. ಅವಳು ಮನೆಯಲ್ಲಿ ಏನಂತ ಹೇಳಬೇಕು? ಅಪ್ಪ ಕೇಳುವ ಮೊದಲ ಪ್ರಶ್ನೆಗೇ ಅವಳ ಹತ್ತಿರ ಉತ್ತರ ಇರುವುದಿಲ್ಲ.

ಈ ಸಲ ನಮ್ಮ ವಿದ್ಯಾರ್ಥಿಗಳ ಒಂದು ತಂಡ ಇದನ್ನು ಬೇರೆ ಥರ ಮಾಡಿತು. ಗಂಗಾವತಿ ಹತ್ತಿರದ ಒಂದು ಗದ್ದೆಯಲ್ಲಿ ಶೂಟಿಂಗ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಎರಡನೇ ಬೆಳೆಯ ಭತ್ತ ಹಸಿರಾಗಿ ನಿಂತಿತ್ತು. ಗದ್ದೆಯವರನ್ನು ಮೊದಲೇ ಕೇಳಿ ಒಪ್ಪಿಸಿದ್ದರು. ಹುಡುಗಿ ಸ್ಪಷ್ಟವಾಗಿ ಹೇಳಿದ್ದಳು, "ನಾ ಬರ್ತೀನಿ, ಆದ್ರ ಅವ್ವ ಜೊತಿಗೆ ಬರ್ತಾಳ." ಬೇರೆ ತಂಡವಾಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಇವರು ಬರಲಿ ಅಂದರು. ನಾನೂ ಹೋಗಿದ್ದೆ.

ಆ ತಾಯಿ ಪಂಪ್‌ಸೆಟ್ ಮನೆಯ ಕಟ್ಟೆ ಮೇಲೆ ಕೂತು ನೇರವಾಗಿ ಕೇಳಿದರು. "ಕೈ ಹಿಡಿಯೂದು ಐತೇನಪಾ ಇದ್ರಾಗ?" ನಿರ್ದೇಶಕ ಹುಡುಗ ನೋಟ್‌ಬುಕ್ ತೆಗೆದು ಪೆನ್ಸಿಲ್ಲಿನಲ್ಲಿ ಬರೆದಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. "ಒಂದ ಕಡೆ ಐತ್ರೀ ಅಮ್ಮಾರ. ಬದುವಿನಿಂದ ಇಳಿಯುವಾಗ ಕೈ ಕೊಡ್ತಾನ್ರೀ, ಅಷ್ಟ." ಆಯಮ್ಮ ಬದುವಿನ ಕಡೆ ಒಮ್ಮೆ ನೋಡಿದರು. "ಅಲ್ಲಿ ಜಾರತೈತಿ. ಕೈ ಕೊಡಾಕ ಬೇಕು" ಅಂದರು. ಮಾತು ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಬಿಸಿಲು ಏರಿತು. ಮಗಳ ಮುಖಕ್ಕೆ ಬೆಳಕು ತಿರುಗಿಸಲು ಥರ್ಮಾಕೋಲ್ ಶೀಟ್ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ಹಿಡಿದವರು ಅವರೇ. ಗಾಳಿಗೆ ಶೀಟ್ ಅಲ್ಲಾಡದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿ ಕೂತರು.

ಆಮೇಲೆ ತೆಗೆದ ಶಾಟ್‌ಗಳನ್ನು ಮಾನಿಟರಿನಲ್ಲಿ ನೋಡಿದೆ. ಹುಡುಗಿಯ ಭುಜ ಇಳಿದಿತ್ತು. ನೋಟ ಹುಡುಗನ ಮೇಲೇ ನಿಂತಿತ್ತು.

ಅದೇ ಗದ್ದೆಯಲ್ಲಿ ನಡೆದ ಇನ್ನೊಂದು ಸಂಗತಿ ಹೇಳಬೇಕು. ಮೊದಲ ಟೇಕ್‌ಗಳಲ್ಲಿ ಲಿಪ್ ಸಿಂಕ್, ಅಂದರೆ ಹಾಡಿಗೆ ತುಟಿಯ ಚಲನೆ, ಯಾಕೋ ಕೂಡುತ್ತಿರಲಿಲ್ಲ. ಕಾರಣ ಸರಳ. ಹಾಡು ಹಾಕಿದ ಸ್ಪೀಕರ್ ಕ್ಯಾಮೆರಾ ಪಕ್ಕದಲ್ಲಿತ್ತು, ಹುಡುಗಿ ಆಚೆ ಬದುವಿನಲ್ಲಿದ್ದಳು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ದೂರ ನಿಂತವಳಿಗೆ ಹಾಡು ಹತ್ತನೇ ಒಂದು ಸೆಕೆಂಡು ತಡವಾಗಿ ಕೇಳುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಅದು ಎರಡೂವರೆ ಫ್ರೇಮ್. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ. ಎಡಿಟಿಂಗಿನಲ್ಲಿ ಜರುಗಿಸಿ ಸರಿಮಾಡಬಹುದು, ಆದರೆ ಪ್ರತಿ ಶಾಟ್‌ಗೂ ದೂರ ಬೇರೆ ಬೇರೆ, ತಲೆನೋವು ಜಾಸ್ತಿ. ಹುಡುಗರು ಸ್ಪೀಕರನ್ನು ಟವೆಲ್ ಹೊದಿಸಿ ಅವಳ ಕಾಲ ಬಳಿಯೇ ಇಟ್ಟರು, ಭತ್ತದ ಮರೆಯಲ್ಲಿ. ತುಟಿ ಕೂಡಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಕೂಗುತ್ತಿದ್ದವರ ಮಾತು ಅವಳಿಗೆ ಕೇಳದಾಯಿತು. ಕಿವಿ ತುಂಬಾ ಹಾಡೇ.

ಸ್ಲೋ ಮೋಷನ್ ವಿಷಯವೂ ಹಾಗೇ. 50 ಫ್ರೇಮಿನಲ್ಲಿ ತೆಗೆದು 25ಕ್ಕೆ ಇಳಿಸುವುದಾದರೆ ಶೂಟಿಂಗ್ ಜಾಗದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು. ತುಟಿಯೂ ಅಷ್ಟೇ ವೇಗದಲ್ಲಿ ಆಡಬೇಕು. ಆಗ ಕೂದಲು, ದುಪಟ್ಟಾ ನಿಧಾನಕ್ಕೆ ಹಾರುತ್ತವೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುತ್ತದೆ. ಇದನ್ನು ಹತ್ತು ಜನರೆದುರು ಏಕಾಏಕಿ ಮಾಡು ಅಂದರೆ ಯಾರಿಗಾದರೂ ನಾಚಿಕೆಯಾಗುತ್ತದೆ. ವೇಗದ ಫೈಲನ್ನು ವಾರ ಮೊದಲೇ ಅವಳ ಫೋನಿಗೆ ಕಳಿಸಿ. ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬರಲಿ.

ಹೊತ್ತಿನ ವಿಷಯಕ್ಕೆ ಬರೋಣ. ಎಲ್ಲರಿಗೂ ಗೋಲ್ಡನ್ ಅವರ್, ಅಂದರೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಹೊಂಬೆಳಕು ಬೇಕು, ಅದೂ ಸಂಜೆಯದೇ ಬೇಕು. ಸೂರ್ಯ ಮುಳುಗಿದ ಮೇಲೆ ಪ್ಯಾಕಪ್. ಹುಡುಗರು ಬೈಕ್ ಹತ್ತಿ ಹೋಗುತ್ತಾರೆ. ಹುಡುಗಿಗೆ ಊರಿಗೆ ಬಸ್ ಎಲ್ಲಿದೆ? ಕೊನೆಯ ಬಸ್ ತಪ್ಪಿದರೆ ಮನೆಯಲ್ಲಿ ಏನು ಕಥೆ? ಸಂಜೆಯ ಕೊನೆಯ ಶಾಟ್‌ಗಳಲ್ಲಿ ಅವಳು ಪದೇ ಪದೇ ಗಡಿಯಾರ ನೋಡುವುದು ಇದಕ್ಕೇ. ಬೆಳಿಗ್ಗೆ ಆರೂವರೆಯ ಬೆಳಕೂ ಅಷ್ಟೇ ಮೆತ್ತಗಿರುತ್ತದೆ, ಜನವೂ ಕಡಿಮೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳು. ಒಂಬತ್ತೂವರೆ ಮೇಲೆ ಕಣ್ಣು ಬಿಡಲಾಗದೆ ಹುಬ್ಬು ಗಂಟಿಕ್ಕಿ ನಿಂತರೆ ಪ್ರೀತಿ ಹೋಗಿ ಜಗಳದ ಮುಖವಾಗುತ್ತದೆ. ಬೆಳಿಗ್ಗೆ ಶುರು ಮಾಡಿ, ತಿಂಡಿ ಹೊತ್ತಿಗೆ ಮುಗಿಸಿ.

ಆನೆಗುಂದಿ, ಸಣಾಪುರ ಕೆರೆ ಅಂತ ಎಲ್ಲರೂ ಓಡುತ್ತಾರೆ. ಬಂಡೆ, ನೀರು, ಹರಿಗೋಲು, ಎಲ್ಲ ಚೆಂದವೇ. ಆದರೆ ಭಾನುವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪ್ರವಾಸಿಗರ ಅರ್ಧ ಮೊಬೈಲ್‌ಗಳು ನಿಮ್ಮ ಹೀರೋಯಿನ್ ಕಡೆಗೇ ತಿರುಗಿರುತ್ತವೆ. ಇಟಗಿಯ ಮಹಾದೇವ ದೇವಾಲಯದ ಮುಂದೆ ತೆಗೆಯುವ ಆಸೆ ನನಗೂ ಅರ್ಥವಾಗುತ್ತದೆ. 1112ರ ಕಲ್ಲಿನ ಕೆಲಸ ಅದು, ಬೆಳಗಿನ ಬಿಸಿಲಿಗೆ ಕಂಬಗಳು ಹೊಳೆಯುವುದನ್ನು ನೋಡಲೇಬೇಕು. ಆದರೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗದಲ್ಲಿ ಶೂಟಿಂಗಿಗೆ ಮುಂಚೆಯೇ ಅನುಮತಿ ಬೇಕು. ಪತ್ರವಿಲ್ಲದೆ ಹೋಗಿ, ಕಾವಲಿನವರು ಬಂದು ತಡೆದರೆ, ಮೇಕಪ್ ಹಾಕಿಕೊಂಡು ನಿಂತ ಹುಡುಗಿಯನ್ನೇ ಎಲ್ಲರೂ ನೋಡುವುದು. ಡ್ರೋನ್ ಕೂಡ ತುಂಗಭದ್ರಾ ಅಣೆಕಟ್ಟಿನ ಸುತ್ತಮುತ್ತ ಹಾರಿಸಬೇಡಿ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಂಡು ಹಾರಿಸಿ.

ಇನ್ನು ಕೆಲವರಿದ್ದಾರೆ. "ಕಾಲೇಜು ಹುಡುಗರಿಗೆ ಪ್ರೀತಿ ಪ್ರೇಮದ ಹಾಡು ಯಾಕೆ, ಸ್ವಚ್ಛತೆ ಬಗ್ಗೆ ವಿಡಿಯೋ ಮಾಡಲಿ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತರ ವಯಸ್ಸಿನವರು ಪ್ರೀತಿ ಬಗ್ಗೆ ಬರೆಯದೆ ಇನ್ನೇನು ಬರೆಯಬೇಕು? ಈ ಸೀಮೆಯ ರಂಗಭೂಮಿಯನ್ನು ನೆನಪಿಸಿಕೊಳ್ಳಿ. ವಕೀಲಿ ಮಾಡುತ್ತಾ ನಾಟಕ ಆಡಿದ ಬಳ್ಳಾರಿ ರಾಘವ (1880–1946), ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳೇ ರಂಗಕ್ಕೆ ಬರಬೇಕು ಅಂತ ಪ್ರೋತ್ಸಾಹ ಕೊಟ್ಟವರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಕಂಪನಿ ನಾಟಕಗಳಲ್ಲಿ ನಟಿಸಿ, ರಂಗಗೀತೆ ಹಾಡಿ ಹೆಸರಾದವರು. 2020ರಲ್ಲಿ ತೀರಿಕೊಂಡರು. ರಾತ್ರಿ ನಾಟಕ ನೋಡಿ ಶಿಳ್ಳೆ ಹೊಡೆದು, ಬೆಳಿಗ್ಗೆ ನಟಿಯರನ್ನು ಆಡಿಕೊಳ್ಳುವ ಜನ ಆಗಲೂ ಇದ್ದರು. ಆ ಮಾತುಗಳನ್ನೆಲ್ಲ ನುಂಗಿಕೊಂಡು ನಿಂತ ಹೆಣ್ಣುಮಕ್ಕಳಿಂದ ನಮ್ಮ ರಂಗಭೂಮಿ ಉಳಿಯಿತು. ಇವತ್ತಿನ ಹುಡುಗಿಯರೂ ಹಾಗೇ ನುಂಗಿಕೊಳ್ಳಲಿ ಅನ್ನಲು ನನಗೆ ಮನಸ್ಸಿಲ್ಲ.

ಯಾಕೆಂದರೆ ಈಗ ಆಡಿಕೊಳ್ಳುವುದು ಊರಿಗೆ ನಿಲ್ಲುವುದಿಲ್ಲ. ಹಿಂದೊಮ್ಮೆ ಒಂದು ತಂಡದ ಹುಡುಗಿ ನಗುವ ಒಂದು ಕ್ಲಿಪ್ಪನ್ನು ಯಾರೋ ಕತ್ತರಿಸಿ, ಬೇರೆ ಹಾಡು ಹಾಕಿ, ಕೆಟ್ಟ ಸಾಲು ಬರೆದು ಹರಿಬಿಟ್ಟರು. ಆ ಕ್ಲಿಪ್ ಮುಖ್ಯ ವಿಡಿಯೋದಲ್ಲಿ ಇರಲೇ ಇಲ್ಲ. ತಂಡದ ಯಾರದೋ ಫೋನಿನಲ್ಲಿದ್ದ ಮೇಕಿಂಗ್ ತುಣುಕು ಅದು. ಅವಳು ಆಮೇಲೆ ಎಷ್ಟೋ ದಿನ ಕಾಲೇಜಿಗೆ ಬರಲಿಲ್ಲ. ಬಂದಾಗಲೂ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಒಳ್ಳೆ ದನಿ ಇದ್ದ ಹುಡುಗಿ. ಮತ್ತೆ ಯಾವತ್ತೂ ವೇದಿಕೆ ಹತ್ತಲಿಲ್ಲ.

ಹಾಗಾಗಿ ಶೂಟಿಂಗ್ ಜಾಗದಲ್ಲಿ ಎಲ್ಲರ ಫೋನು ಒಂದು ಚೀಲದಲ್ಲಿರಲಿ. ಮೆಮೊರಿ ಕಾರ್ಡ್ ಒಬ್ಬರ ಹತ್ತಿರವೇ ಇರಲಿ, ರಾ ಫೂಟೇಜ್ ವಾಟ್ಸಾಪ್ ಗುಂಪಿಗೆ ಹೋಗಬಾರದು. ಎಡಿಟ್ ಆದ ಮೇಲೆ ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ ಮಾಡಿ (ಲಿಂಕ್ ಇದ್ದವರಿಗಷ್ಟೇ ಕಾಣುವ ಹಾಗೆ) ಮೊದಲು ಅವಳಿಗೆ, ಅವಳ ಮನೆಯವರಿಗೆ ಲಿಂಕ್ ಕಳಿಸಿ. ಅವಳು ಬೇಡವೆಂದ ಶಾಟ್ ತೆಗೆಯಿರಿ, ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ. ಥಂಬ್‌ನೇಲ್ ಕೂಡ ಅವಳನ್ನು ಕೇಳಿಯೇ ಆರಿಸಿ. ಪಬ್ಲಿಕ್ ಮಾಡುವಾಗ ಕಾಮೆಂಟ್‌ಗಳನ್ನು ಪರಿಶೀಲನೆಗೆ ತಡೆಹಿಡಿಯುವ ಸೆಟ್ಟಿಂಗ್ ಆನ್ ಮಾಡಿ. ಕೆಟ್ಟ ಕಾಮೆಂಟ್ ಅಳಿಸುವ ಕೆಲಸ ಒಬ್ಬ ಹುಡುಗನಿಗೆ ವಹಿಸಿ. ಅವಳ ಹೆಸರು ಹಾಕಬೇಕಾ ಬೇಡವಾ ಅವಳೇ ಹೇಳಲಿ, ಇನ್‌ಸ್ಟಾಗ್ರಾಂ ಐಡಿ ಟ್ಯಾಗ್ ಮಾಡುವ ಮುಂಚೆಯೂ ಕೇಳಿ. ಮುಂದೆ ಒಂದು ದಿನ ಅವಳು ತೆಗೆಯಿರಿ ಅಂದರೆ ಏನು ಮಾಡುತ್ತೀರಿ ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ. ಕೆಲಸ ಕೈಮೀರಿದರೆ ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಕೊಡಬಹುದು. ದೂರು ಕೊಡಲು ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ತಂಡವೇ ಹೋಗಲಿ.

ಹುಡುಗನಿಗೂ ಇದೆಲ್ಲ ಅನ್ವಯಿಸುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಡೆ ಹಾಡು ವೈರಲ್ ಆದರೆ ಹುಡುಗನಿಗೆ ಹಾರ, ಹುಡುಗಿಗೆ ಪ್ರಶ್ನೆ. ಅದು ಬದಲಾಗುವವರೆಗೆ ನಾನು ಅವಳ ಪರವಾಗಿಯೇ ಮಾತಾಡುತ್ತೇನೆ.

ಗೆಳೆಯರಲ್ಲಿ ಒಂದು ಕೋರಿಕೆ. ಇನ್ನೊಂದು ತಂಡ ಸದ್ಯದಲ್ಲೇ ಆನೆಗುಂದಿ ಕಡೆ, ಜನ ಬಾರದ ನದಿ ದಂಡೆಯಲ್ಲಿ ಶೂಟಿಂಗ್ ಇಟ್ಟುಕೊಂಡಿದೆ. ನಟಿಸುವ ಇಬ್ಬರು ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಒಂದು ಬಚ್ಚಲುಮನೆ ಬೇಕು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಸಾಕು. ಆ ಭಾಗದಲ್ಲಿ ಮನೆ ಇರುವವರು, ಮನೆಯಲ್ಲಿ ಹೆಂಗಸರು ಇರುವಂಥವರು, ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ತಿಂಡಿ ಹುಡುಗರೇ ತರುತ್ತಾರೆ.