ಇನ್ನೂ ಬಾರದ ಸಂಬಳ ನಂಬಿ ಸಾಲ

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ಓದು ಮುಗಿದ ಮೇಲೆ ಎಷ್ಟು ಸಂಬಳ ಬರುತ್ತೆ ಅಂತ ಗೊತ್ತಿದ್ರೆ, ಎಷ್ಟು ಸಾಲ ಮಾಡ್ಬಹುದು ಅಂತ ಲೆಕ್ಕ ಹಾಕ್ಬಹುದಲ್ವಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅವನ ಕೈಯಲ್ಲಿದ್ದ ಸಂಬಳದ ಅಂಕಿ ಕಾಲೇಜಿನ ಜಾಹೀರಾತಿನಲ್ಲಿದ್ದ 'ಸರಾಸರಿ'. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 4 ಸಿಕ್ಕಿ, ಒಬ್ಬನಿಗೆ 34 ಸಿಕ್ಕಿದರೆ ಸರಾಸರಿ 7 ಆಗುತ್ತದೆ. ಆ 7 ಮಾತ್ರ ಯಾರ ಖಾತೆಗೂ ಬಿದ್ದಿರುವುದಿಲ್ಲ! ಕೇಳಬೇಕಾದ್ದು ನಡುವಿನ ಹುಡುಗನ ಸಂಬಳ, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ಬರುವವನದ್ದು. ಸಾಲ ಮಾಡಿ ಓದುವವರಾದರೆ ಅವನಿಗಿಂತ ಸ್ವಲ್ಪ ಕೆಳಗಿರುವವನದ್ದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಓದಿನ ಸಾಲದಲ್ಲಿ ಹಾಸಿಗೆಯನ್ನೇ ಇನ್ನೂ ಹೊಲಿದಿರುವುದಿಲ್ಲ.

ನಾನೂ ಇದೇ ತಪ್ಪು ಮಾಡಿದವನು. ಸೀನಿಯರ್‌ಗಳು ಹೇಳಿದ ವರ್ಷದ ಸಂಬಳವನ್ನು ಹನ್ನೆರಡರಿಂದ ಭಾಗಿಸಿ, ತೆಗೆದ ಸಾಲವನ್ನು ಅದರ ಪಕ್ಕ ಬರೆದುಕೊಂಡು ನೆಮ್ಮದಿಯಾಗಿದ್ದೆ. ಕೆಲಸ ಸಿಗಲು ಏಳು ತಿಂಗಳು ಹಿಡಿಯಿತು. ಸಿಕ್ಕ ಮೇಲೆ ತೆರಿಗೆ, ಪಿಂಚಣಿ, ವಿಮೆ ಎಲ್ಲಾ ಕಳೆದು ಕೈಗೆ ಬಂದದ್ದೇ ಬೇರೆ ಅಂಕಿ. ಅಷ್ಟರಲ್ಲಿ ಸಾಲವೂ ಸುಮ್ನೆ ಕೂತಿರಲಿಲ್ಲ.

ಇದನ್ನು ನೂರರ ಲೆಕ್ಕದಲ್ಲಿ ನೋಡಿ. ಯಾವ ಊರಿನ ದುಡ್ಡಾದರೂ ಅಷ್ಟೇ. ವರ್ಷದ ಶುರುವಿಗೆ 25ರಂತೆ ನಾಲ್ಕು ವರ್ಷ ಒಟ್ಟು 100 ಸಾಲ ಪಡೆದಿರಿ, ಬಡ್ಡಿ ಶೇ. 10 ಅನ್ನಿ. ಓದುವಾಗ ಬಡ್ಡಿ ಕಟ್ಟದೆ ಬಿಟ್ಟರೆ, ಬರೀ ಸರಳ ಬಡ್ಡಿಯಾದರೂ ಓದು ಮುಗಿಯುವ ಹೊತ್ತಿಗೆ ಸಾಲ 125. ಅದನ್ನು 10 ವರ್ಷದ ಕಂತಿಗೆ ಹಾಕಿದರೆ ತಿಂಗಳಿಗೆ ಸುಮಾರು 1.65. ಒಟ್ಟು ಕಟ್ಟುವುದು 198. ಕಂತು ಹಗುರಾಗಲಿ ಅಂತ 15 ವರ್ಷ ಮಾಡಿಕೊಂಡರೆ ತಿಂಗಳಿಗೆ 1.34ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 242ಕ್ಕೆ ಏರುತ್ತದೆ. ಅದಕ್ಕೇ ಓದುವಾಗ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ ಅನ್ನುವುದು. ಮನೆಯವರು ಕಟ್ಟಲಿ, ಬಿಡುವಿನ ಕೆಲಸದ ದುಡ್ಡಿನಿಂದ ಕಟ್ಟಲಿ, ಆ 25 ಹುಟ್ಟುವುದೇ ಇಲ್ಲ.

ಮೊದಲ ವರ್ಷದ ಸಂಬಳಕ್ಕಿಂತ ಜಾಸ್ತಿ ಸಾಲ ಬೇಡ ಅನ್ನುವ ಮಾತೊಂದಿದೆ. ನನಗೆ ಅದೂ ಸ್ವಲ್ಪ ಉದಾರ ಅನ್ನಿಸುತ್ತದೆ. ವರ್ಷಕ್ಕೆ 100 ಸಂಬಳ, ಕೈಗೆ ಬರುವುದು 80 ಅಂದುಕೊಳ್ಳಿ. ತಿಂಗಳಿಗೆ 6.67. ಅದರಲ್ಲಿ 1.65 ಕಂತು. ಅಂದರೆ ಕಾಲು ಭಾಗ ಹೋಯಿತು. ಬಾಡಿಗೆ, ಊಟ, ಓಡಾಟ, ಮನೆಗೆ ಕಳಿಸುವುದು, ಒಂದು ಸಣ್ಣ ಕಾಯಿಲೆ, ಎಲ್ಲಾ ಉಳಿದ ಮುಕ್ಕಾಲಿನಲ್ಲೇ ಆಗಬೇಕು.

(ಆಸ್ಟ್ರೇಲಿಯಾದಲ್ಲಿ 1989ರಿಂದ ಬೇರೆ ಪದ್ಧತಿ ಇದೆ. ಸಂಬಳ ಒಂದು ಮಿತಿ ದಾಟಿದ ಮೇಲಷ್ಟೇ ಮರುಪಾವತಿ ಶುರು. ಅಂಥ ಸಾಲ ಸಿಕ್ಕವರ ಲೆಕ್ಕ ಬೇರೆ. ಮಾಮೂಲಿ ಕಂತಿನ ಸಾಲಕ್ಕೆ ನಿಮಗೆ ಕೆಲಸ ಸಿಕ್ಕಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಗೊತ್ತಾಗುವುದು ತಾರೀಖು ಮಾತ್ರ.)

"ಸಂಬಳ ವರ್ಷವರ್ಷ ಏರುತ್ತಲ್ಲ ಮಾಮ" ಅಂದ. ಏರುತ್ತದೆ. ಆದರೆ ಕಷ್ಟ ಇರುವುದು ಮೊದಲ ಎರಡು ಮೂರು ವರ್ಷದಲ್ಲಿ. ಶೇ. 10ರ ಬಡ್ಡಿ, 10 ವರ್ಷದ ಸಾಲ ಅಂದರೆ ಮೊದಲ ಕಂತಿನಲ್ಲಿ ಶೇ. 63 ಬಡ್ಡಿಗೇ ಹೋಗುತ್ತದೆ. ಅಸಲು ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ. ಸಂಬಳ ಏರಿದಾಗ ಕಂತಿನ ಮೇಲೆ ಹತ್ತರಲ್ಲಿ ಒಂದು ಪಾಲು ಸೇರಿಸಿ ಕಟ್ಟುವ ಯೋಚನೆ ಇಟ್ಟುಕೊಳ್ಳಿ. ಶುರುವಿನಿಂದಲೇ ಹಾಗೆ ಕಟ್ಟಿದರೆ 120 ತಿಂಗಳ ಸಾಲ 103ನೇ ತಿಂಗಳಿಗೆ ಮುಗಿಯುತ್ತದೆ. ಮೊದಲೇ ಕಟ್ಟಿದರೆ ದಂಡ ಹಾಕುತ್ತಾರಾ, ಬಡ್ಡಿ ಏರಿಳಿಯುತ್ತಾ ಅಂತ ಸಹಿ ಹಾಕುವ ಮುಂಚೆ ಕೇಳಿಕೊಳ್ಳಿ. ಜಾಮೀನು ಹಾಕುವವರು ಅಪ್ಪನೋ ಅಮ್ಮನೋ ಆದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ.

ಮೊನ್ನೆ ಮತ್ತೆ ಫೋನ್ ಬಂತು. ಸರಾಸರಿ ಬಿಡಿ, ನಡುವಿನ ಹುಡುಗನಿಗೆ ಎಷ್ಟು ಸಿಕ್ಕಿದೆ ಅಂತ ಕಾಲೇಜಿನವರನ್ನು ಕೇಳಿದನಂತೆ. ವಿಚಾರಿಸಿ ಹೇಳ್ತೀವಿ ಅಂದಿದ್ದಾರೆ. ಇನ್ನೂ ವಿಚಾರಿಸುತ್ತಲೇ ಇದ್ದಾರೆ.