ಮರೀನಾದಲ್ಲಿ ಫುಡ್ ಕೋರ್ಟ್ ಇದೆ, ನಲ್ಲಿ ಎಲ್ಲಿದೆ?

ನಿನ್ನೆ ಬೆಳಗಾವಿಯಲ್ಲಿ ಕರಾವಳಿ ಪ್ರವಾಸೋದ್ಯಮದ ಮೇಲೆ ಒಂದು ಸಭೆ ಇತ್ತು. ಹೋಗಿದ್ದೆ. ಕುಂದಾ ಕೊಟ್ಟರು, ಚೆನ್ನಾಗಿತ್ತು. ಚೆನ್ನಾಗಿದ್ದದ್ದು ಅದೊಂದೇ.

ಪರದೆ ಮೇಲೆ ಮರೀನಾದ, ಅಂದರೆ ಯಾಟ್, ಹಾಯಿದೋಣಿಗಳು ತಂಗೋ ಸಣ್ಣ ಬಂದರಿನ ಚಿತ್ರ ತೋರಿಸಿದರು. ಬಿಳಿ ಬಿಳಿ ಯಾಟ್‌ಗಳು, ಗಾಜಿನ ಕಟ್ಟಡ, ಫುಡ್ ಕೋರ್ಟ್, ಹೆಲಿಪ್ಯಾಡ್, ಸೆಲ್ಫಿ ಪಾಯಿಂಟ್. ಅಲೆ ತಡೆಯೋ ಗೋಡೆ ಹುಡುಕಿದೆ, ಕಾಣಲಿಲ್ಲ. ಕುಡಿಯೋ ನೀರಿನ ನಲ್ಲಿ ಇಲ್ಲ. ಡೀಸೆಲ್ ಪಂಪ್ ಇಲ್ಲ. ಕೈಯೆತ್ತಿ 'ಅಲ್ಲಿ ನೀರಿನ ಆಳ ಎಷ್ಟಿದೆ ಸರ್?' ಅಂತ ಕೇಳಿದೆ. 'ಅದು ನೆಕ್ಸ್ಟ್ ಫೇಸ್' ಅಂದರು. ಹೆಲಿಪ್ಯಾಡ್ ಈ ಫೇಸ್, ಆಳ ಮುಂದಿನ ಫೇಸ್!

ನನ್ನ ಬೋಟಿನ ಹುಚ್ಚು ನಿಮಗೆ ಗೊತ್ತೇ ಇದೆ. ಚಳಿಗಾಲ ಬಂದರೆ ಅರಬೈಲ್ ಘಟ್ಟ ಇಳಿದು ಗೆಳೆಯನ ಹಾಯಿದೋಣಿ ಹತ್ತುವವನು ನಾನು. ಗಾಳಿ ಚೆನ್ನಾಗಿದ್ದರೂ ಗಂಟೆಗೆ ಒಂಬತ್ತು ಕಿಲೋಮೀಟರ್ ಹೋದರೆ ಹೆಚ್ಚು. ಕಾರವಾರದಿಂದ ಹೊರಟರೆ ಮೊದಲು ನೌಕಾನೆಲೆಯ ನಿಷೇಧಿತ ನೀರನ್ನು ಬಿಟ್ಟು ದೂರದಿಂದ ಸುತ್ತಬೇಕು. ಆಮೇಲೆ ಗೋಕರ್ಣ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ. ರಾಜ್ಯಕ್ಕೆ 300 ಕಿಲೋಮೀಟರಿಗೂ ಜಾಸ್ತಿ ಕರಾವಳಿ ಇದೆ. ಅಷ್ಟರಲ್ಲಿ ಒಂದು ಸಣ್ಣ ದೋಣಿ ರಾತ್ರಿ ಕಟ್ಟಿಕೊಂಡು ನೆಮ್ಮದಿಯಿಂದ ಮಲಗೋಕೆ ಅಂತಲೇ ಮಾಡಿದ ಜಾಗ ಒಂದಾದರೂ ಇದ್ದರೆ ತೋರಿಸಿ. ಕೊಚ್ಚಿಯವರು ಬೋಳ್ಗಾಟಿಯಲ್ಲಿ ಮರೀನಾ ಮಾಡಿ ಎಷ್ಟೋ ವರ್ಷ ಆಯ್ತು.

ನಮಗೆ ಗತಿ ಮೀನುಗಾರಿಕೆ ಧಕ್ಕೆ. ಅಲ್ಲಿಯ ರಾತ್ರಿ ಹೇಗಿರುತ್ತೆ ಗೊತ್ತಾ? ಟ್ರಾಲ್ ಬೋಟುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ನಾವು ಕೊನೆಯದಕ್ಕೆ ಹಗ್ಗ ಹಾಕಬೇಕು. ದಡ ಸೇರಬೇಕಾದರೆ ಬಲೆಯ ರಾಶಿ ದಾಟಿ, ಮಲಗಿದವರ ಕಾಲು ತುಳಿಯದ ಹಾಗೆ ಬೋಟಿಂದ ಬೋಟಿಗೆ ಹಾರಬೇಕು. ಕೈಯಲ್ಲಿ ನೀರಿನ ಕ್ಯಾನ್. ನೀರಿನ ಮೇಲೆ ಡೀಸೆಲ್ಲಿನ ಏಳು ಬಣ್ಣ. ಬೆಳಗಿನ ಜಾವ ಮಂಜುಗಡ್ಡೆ ಪುಡಿ ಮಾಡೋ ಮಷಿನ್ ಶುರು. ಅದು ಅವರ ಹೊಟ್ಟೆಪಾಡಿನ ಜಾಗ, ಅಡ್ಡ ಬಂದವರು ನಾವು. ಆದರೂ 'ಹಗ್ಗ ಕೊಡ್ರೀ' ಅಂತ ಕೈ ಚಾಚೋರು ಅವರೇ. ನಮ್ಮ ತಟ್ಟೆಗೆ ಬಂಗಡೆ ಹಾಕೋರೂ ಅವರೇ. ಬೇರೆ ಜಾಗ ಮಾಡಿಕೊಟ್ಟರೆ ಇಬ್ಬರಿಗೂ ಒಳ್ಳೇದು, ಅಲ್ವಾ?

ಹೆಚ್ಚೇನೂ ಬೇಡ. ತೇಲುವ ಜೆಟ್ಟಿ ಬೇಕು. ಕಾರವಾರದಲ್ಲಿ ಭರತ ಇಳಿತಕ್ಕೆ ನೀರು ಎರಡು ಮೀಟರಿನಷ್ಟು ಏರಿ ಇಳಿಯುತ್ತೆ. ಕಲ್ಲಿನ ಜೆಟ್ಟಿ ಕಟ್ಟಿದರೆ ಒಮ್ಮೆ ಹತ್ತಬೇಕು, ಒಮ್ಮೆ ಹಾರಬೇಕು. ಒಂದು ನಲ್ಲಿ, ಒಂದು ಕಕ್ಕಸು. ಅಳಿವೆಯ ಹೂಳು ಆಗಾಗ ತೆಗೆಯೋ ವ್ಯವಸ್ಥೆ. ಈ ನದಿಗಳ ಬಾಯಲ್ಲಿ ಮರಳುದಿಬ್ಬ ಜಾಗ ಬದಲಿಸುತ್ತಲೇ ಇರುತ್ತೆ. ಬಂದರಿಗೆ ವಾಪಸು ಬರುವಾಗ ಅಳಿವೆಯಲ್ಲಿ ಬೋಟು ಮಗುಚಿದ ಸುದ್ದಿ ಓದಿಯೇ ಇರುತ್ತೀರಿ. ಸೆಲ್ಫಿ ಪಾಯಿಂಟಿನವರು ಓದಿರಲಿಕ್ಕಿಲ್ಲ.

ಲಂಗರು ಹಾಕಿ ನಿಲ್ಲೋ ಸುಖವೇ ಬೇರೆ. ಅದಕ್ಕೂ ಲೆಕ್ಕ ಇದೆ. ಐದು ಮೀಟರ್ ಆಳ ಇದ್ದರೆ ಇಪ್ಪತ್ತೈದು ಮೂವತ್ತು ಮೀಟರ್ ಸರಪಳಿ ಬಿಡಬೇಕು. ಸರಪಳಿ ತಳದಲ್ಲಿ ಮಲಗಿದರೇನೇ ಲಂಗರು ಕಚ್ಚೋದು. ಕಾರವಾರದ ಎದುರಿನ ಕೂರ್ಮಗಡ ದ್ವೀಪದ ಬಳಿ ನಿಂತಾಗ ಬೆಳಿಗ್ಗೆ ದಡದ ಗಾಳಿಗೆ ನಮ್ಮ ಮೂತಿ ಘಟ್ಟದ ಕಡೆ ಇತ್ತು. ಮಧ್ಯಾಹ್ನ ಸಮುದ್ರದ ಗಾಳಿ ಬಂತು, ದೋಣಿ ಹಸುವಿನ ಹಾಗೆ ಗೂಟದ ಸುತ್ತ ತಿರುಗಿ ವಾಯುವ್ಯಕ್ಕೆ ನಿಂತಿತು. ಅಷ್ಟೇ. ದಿನವೆಲ್ಲ ಇದನ್ನೇ ನೋಡುತ್ತಾ ಕೂತಿದ್ದೆ, ಬೇಜಾರಾಗಲಿಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮಾತ್ರ ಲಂಗರು ಎಸೆಯೋಕೆ ಮನಸ್ಸು ಬರಲ್ಲ, ಕೆಳಗೆ ಹವಳ ಇದೆ, ಮುರಿಯುತ್ತೆ. ತಳಕ್ಕೆ ಕಾಂಕ್ರೀಟ್ ದಿಮ್ಮಿ ಇಳಿಸಿ ಮೇಲೊಂದು ತೇಲು ಡ್ರಮ್ ಕಟ್ಟಿಟ್ಟರೆ ಸಾಕು, ಲಂಗರು ಎಸೆಯದೆ ದೋಣಿಯನ್ನು ಅದಕ್ಕೇ ಕಟ್ಟಬಹುದು. ಹೆಲಿಪ್ಯಾಡಿನ ಸಿಮೆಂಟಿನಲ್ಲಿ ಅಂಥವು ಎಷ್ಟು ಆಗುತ್ತವೋ!

ಸಭೆ ಮುಗಿದ ಮೇಲೆ ಒಬ್ಬರು ಹತ್ತಿರ ಬಂದು ನಕ್ಕರು. 'ನೀವು ಬಾಗಲಕೋಟೆಯವರು, ನಿಮಗ್ಯಾಕ್ರೀ ಸಮುದ್ರದ ಉಸಾಬರಿ?' ಅಂದರು.

ಸ್ವಾಮಿ, ನೀರು ಏರೋದು ಇಳಿಯೋದು ನಮಗೆ ಹೇಳಿಕೊಡಬೇಡಿ. ಆಲಮಟ್ಟಿ ಅಣೆಕಟ್ಟು ತುಂಬಿದಾಗಿನ ಮಟ್ಟ, ಆ 519.60 ಮೀಟರ್ ಅಂದರೆ ಏನು ಅಂತ ಹಳೇ ಬಾಗಲಕೋಟೆಯ ಯಾವ ಅಜ್ಜಿಯನ್ನಾದರೂ ಕೇಳಿ. ಆಲಮಟ್ಟಿ ತುಂಬಿದಾಗ ನೀರು ಮುಟ್ಟೋ ಮೆಟ್ಟಿಲು ಬೇಸಿಗೆಯಲ್ಲಿ ಬಿರಿದ ಕೆಸರಿನ ಮೇಲೆ ನಿಂತಿರುತ್ತೆ. ತೇಲುವ ಜೆಟ್ಟಿ ಯಾಕೆ ಬೇಕು ಅಂತ ನಾನು ಕಲಿತದ್ದು ಕಾರವಾರದಲ್ಲಿ ಅಲ್ಲ, ಅಲ್ಲಿ. ನಮ್ಮ ಮನೆಯೂ ಆ ಹಿನ್ನೀರಿಗೇ ಹೋಯ್ತು. ನಾನು ಬ್ಯಾಗ್ ತುಂಬಿದಾಗಲೆಲ್ಲ ಅವ್ವ ಕೇಳ್ತಾಳೆ, 'ಮನಿ ನುಂಗಿದ ನೀರು ಸಾಲಲಿಲ್ಲೇನು ನಿನಗ?' ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಇನ್ನೊಂದು ಹೇಳಿಬಿಡ್ತೀನಿ, ನನಗೆ ಈಜು ಅಷ್ಟಕ್ಕಷ್ಟೆ. ಲಂಗರು ಹಾಕಿ ನಿಂತಾಗಲೂ ಲೈಫ್ ಜಾಕೆಟ್ ಬಿಚ್ಚಲ್ಲ. ನಗುವವರು ನಗಲಿ.

ಇನ್ನು 'ಇದೆಲ್ಲ ಶ್ರೀಮಂತರ ಶೋಕಿ, ಮೊದಲು ಮೀನುಗಾರರಿಗೆ ಮಾಡಲಿ' ಅನ್ನೋರು ಕಮೆಂಟಿಗೆ ಬರ್ತಾರೆ, ಗೊತ್ತು. ಒಪ್ಪಿದೆ, ಮೊದಲು ಅವರಿಗೇ ಮಾಡಲಿ. ಹೂಳು ತೆಗೆದರೆ ಮೊದಲ ಲಾಭ ಅವರದೇ. ಆದರೆ ಈ ಪ್ರಶ್ನೆಯನ್ನು ಫುಡ್ ಕೋರ್ಟ್ ತೋರಿಸಿದಾಗ ಯಾಕೆ ಕೇಳಲಿಲ್ಲ? ಆಗ ಎಲ್ಲರೂ ಚಪ್ಪಾಳೆ ಹೊಡೀತಿದ್ದರು.

ಮಳೆಗಾಲದ ವಿಷಯವಂತೂ ಯಾರೂ ಎತ್ತಲೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಮೀನುಗಾರಿಕೆ ಬೋಟುಗಳೇ ಸಮುದ್ರಕ್ಕೆ ಇಳಿಯಲ್ಲ. ಆಗ ಆ ಬಿಳಿ ಯಾಟ್‌ಗಳನ್ನು ಎಲ್ಲಿ ಇಡ್ತಾರೆ, ಫುಡ್ ಕೋರ್ಟ್ ಒಳಗಾ? ದಡಕ್ಕೆ ಎತ್ತಿಡೋ ಕ್ರೇನೂ ಚಿತ್ರದಲ್ಲಿ ಇರಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೊರಡ್ತೀವಿ. ದೋಣಿಯಲ್ಲಿ ಒಬ್ಬರಿಗೆ ಜಾಗ ಇದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ನನ್ನದು. ವಾಂತಿ ಮಾತ್ರೆ ನಿಮ್ಮದು. ಬ್ಲೂಟೂತ್ ಸ್ಪೀಕರ್ ತರೋರು ದಯವಿಟ್ಟು ಗೋವಾಕ್ಕೇ ಹೋಗಿ.